ಗೋಮಾಳದ ಮರಳು ಮಣ್ಣು: ನೇಗಿಲು ಹೂಡುವ ಮುನ್ನ ಗುಂಡಿ ತೋಡಿ ನೋಡಿ



ಮುಂಗಾರಿನ ಮೋಡ ಕಾಣಿಸಿಕೊಳ್ಳುವ ಹೊತ್ತಿಗೆ ಬಯಲುಸೀಮೆಯ ಅನೇಕ ಹಳ್ಳಿಗಳಲ್ಲಿ ಒಂದು ಮಾತು ಏಳುತ್ತದೆ. “ಊರ ಮುಂದಿನ ಗೋಮಾಳ ಸುಮ್ಮನೆ ಬಿದ್ದಿದೆ. ಉತ್ತು ನಾಲ್ಕು ಸೇರು ಶೇಂಗಾ ಹಾಕಿದರೆ ಏನು ನಷ್ಟ?” ಮಾತು ಸಹಜವೇ. ಆದರೆ ಉತ್ತರವನ್ನು ಕೊಡಬೇಕಾದದ್ದು ಪಂಚಾಯಿತಿ ಕಟ್ಟೆಯಲ್ಲ, ಆ ನೆಲದ ಮಣ್ಣು. ಅದನ್ನು ಕೇಳುವ ಬಗೆ ಹೇಗೆಂಬುದನ್ನು ಇಲ್ಲಿ ನೋಡೋಣ.

ಚಳ್ಳಕೆರೆ, ಮೊಳಕಾಲ್ಮೂರು, ಶಿರಾ, ಪಾವಗಡ ತಾಲ್ಲೂಕುಗಳ ಹುಲ್ಲುಗಾವಲುಗಳನ್ನು ನೀವು ಕಂಡೇ ಇರುತ್ತೀರಿ. ಕೆಂಪು ಮರಳು ನೆಲ, ಅಲ್ಲಲ್ಲಿ ಗರಸು, ಬೆಣಚುಕಲ್ಲಿನ ಚೂರುಗಳು. ಮೇಲೆ ಕರಡದ ಹುಲ್ಲು, ತಂಗಡಿ, ಬಂದರಿಕೆ, ಕಾರೆ ಗಿಡ. ಚಳ್ಳಕೆರೆಯಂತೂ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಮೈಸೂರು ಅರಸರ ಕಾಲದಿಂದಲೂ ಈ ಸೀಮೆಯಲ್ಲಿ ಅಮೃತಮಹಲ್ ಕಾವಲುಗಳಿದ್ದವು. ‘ಬೆಣ್ಣೆ ಚಾವಡಿ’ ಎಂದಿದ್ದ ಆ ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿ ದನಗಳನ್ನು ಹೊಡೆಯುತ್ತಿದ್ದರು. ಒಂದೇ ನೆಲವನ್ನು ವರ್ಷವಿಡೀ ಮೇಯಿಸಿದರೆ ಅದು ತಾಳದೆಂಬುದು ಹಿಂದಿನವರಿಗೆ ತಿಳಿದಿತ್ತು.

ಈ ಮಣ್ಣು ಹುಟ್ಟಿದ ಬಗೆ

ರಾಜಸ್ಥಾನದ ಮರಳನ್ನು ಬಹುಪಾಲು ಗಾಳಿ ತಂದು ಸುರಿದಿದೆ. ನಮ್ಮದು ಹಾಗಲ್ಲ. ಇಲ್ಲಿಯ ಗ್ರಾನೈಟ್ ಮತ್ತು ನೈಸ್ ಬಂಡೆಗಳು ಸಾವಿರಾರು ವರ್ಷ ಬಿಸಿಲು ಮಳೆಗೆ ಶಿಥಿಲವಾಗಿ ಇದ್ದಲ್ಲಿಯೇ ಮಣ್ಣಾಗಿವೆ. ಬಂಡೆಯಲ್ಲಿದ್ದ ಬೆಣಚು ಸುಲಭವಾಗಿ ಕರಗುವುದಿಲ್ಲ. ಅದೇ ಮರಳಾಗಿ ಉಳಿಯಿತು. ಉಳಿದ ಖನಿಜಗಳು ಕರಗಿ ಜೇಡಿಯಾದವು. ಕಬ್ಬಿಣದ ಅಂಶ ತುಕ್ಕುಗಟ್ಟಿ ಮರಳಿನ ಕಣಗಳಿಗೆ ಲೇಪ ಹಿಡಿದದ್ದರಿಂದ ಬಣ್ಣ ಕೆಂಪಾಯಿತು.

ಮಳೆಯ ನೀರು ನವಿರಾದ ಜೇಡಿಯನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತ ಬಂದಿದೆ. ಆದ್ದರಿಂದ ಮೇಲೆ ಮರಳು, ಅರ್ಧ ಅಡಿ ಒಂದಡಿ ಕೆಳಗೆ ಜೇಡಿ ಹೆಚ್ಚಿದ ಬಿಗಿ ಪದರ ಕಾಣುತ್ತದೆ. ಈ ಪದರ ಇದೆಯೇ ಇಲ್ಲವೇ ಎಂಬುದರ ಮೇಲೆಯೇ ಮಣ್ಣಿನ ಜಾತಿ ನಿರ್ಣಯವಾಗುತ್ತದೆ.

ಜಾತಿ ಗುರುತಿಸುವ ಕ್ರಮ

ಮಣ್ಣಿಗೂ ವಂಶಾವಳಿ ಉಂಟು. ಅಮೆರಿಕದ ಕೃಷಿ ಇಲಾಖೆ 1975ರಲ್ಲಿ ಪ್ರಕಟಿಸಿದ ವರ್ಗೀಕರಣ ಪದ್ಧತಿಯನ್ನೇ ನಮ್ಮ ದೇಶದ ಮಣ್ಣು ಸಮೀಕ್ಷೆಯೂ ಬಳಸುತ್ತದೆ. ಗಣದಿಂದ ಆರಂಭವಾಗಿ ಸರಣಿಯವರೆಗೆ ಅದರಲ್ಲಿ 6 ಮೆಟ್ಟಿಲುಗಳಿವೆ. ಕೊನೆಯ ಮೆಟ್ಟಿಲಾದ ಸರಣಿಗೆ ಸಾಮಾನ್ಯವಾಗಿ ಆ ಮಣ್ಣನ್ನು ಮೊದಲು ಗುರುತಿಸಿದ ಊರಿನದೇ ಹೆಸರು.

ನಮ್ಮ ಗೋಮಾಳಗಳಲ್ಲಿ ಮುಖ್ಯವಾಗಿ ಮೂರು ಗಣಗಳು ಸಿಗುತ್ತವೆ. ಕೆಳಗೆ ಜೇಡಿ ಪದರವಿದ್ದು, ಸುಣ್ಣ ಮುಂತಾದ ಸತ್ವ ತೀರ ತೊಳೆದುಹೋಗಿರದಿದ್ದರೆ ಅದು ‘ಆಲ್ಫಿಸಾಲ್’. ಮೇಲಿನ ಮಣ್ಣಿನಲ್ಲಿ ನೂರಕ್ಕೆ 20 ಭಾಗ ಜೇಡಿಯಿದ್ದರೆ ಕೆಳಗಿನದರಲ್ಲಿ ಕನಿಷ್ಠ 24 ಭಾಗ ಇರಬೇಕೆಂಬುದು ಲೆಕ್ಕ. ಪದರ ಇನ್ನೂ ಪೂರ್ತಿ ರೂಪುಗೊಳ್ಳದೆ ಬಣ್ಣ ಮಾತ್ರ ತಿರುಗಿದ್ದರೆ ‘ಇನ್‌ಸೆಪ್ಟಿಸಾಲ್’. ಪದರವೇ ಇಲ್ಲದೆ ಗರಸು, ಅದರ ಕೆಳಗೆ ಬಂಡೆ ಎಂಬಂತಿದ್ದರೆ ‘ಎಂಟಿಸಾಲ್’. ಬಂಡೆ 50 ಸೆಂ.ಮೀ. ಒಳಗೇ ಸಿಕ್ಕರೆ ‘ಲಿಥಿಕ್’ ಎಂಬ ವಿಶೇಷಣ ಸೇರುತ್ತದೆ.

ಮಣ್ಣು ವರದಿಯಲ್ಲಿ ‘ರೋಡುಸ್ಟಾಲ್ಫ್’ ಎಂಬ ಹೆಸರು ಕಂಡರೆ ಗಾಬರಿಯಾಗಬೇಡಿ. ‘ರೋಡ್’ ಎಂದರೆ ಗುಲಾಬಿಯ ಕೆಂಪು, ‘ಉಸ್ಟ್’ ಎಂದರೆ ಬಿಸಿಲಿಗೆ ಸುಟ್ಟದ್ದು, ‘ಆಲ್ಫ್’ ಎಂಬುದು ಗಣದ ಗುರುತು. ಒಣಸೀಮೆಯ ಗಾಢ ಕೆಂಪು ಮಣ್ಣು ಎಂದಷ್ಟೇ ಅದರ ಅರ್ಥ.

ಗುಣ ಮತ್ತು ದೋಷ

ಮರಳು ಮಣ್ಣಿನ ಗುಣ ಒಂದಿದೆ. ಸಣ್ಣ ಮಳೆಯನ್ನೂ ಅದು ಬೇಗ ಕುಡಿಯುತ್ತದೆ, ಹತ್ತು ಮಿ.ಮೀ. ಮಳೆಗೆ ಎರೆಭೂಮಿ ಬಾಯಿ ತೆರೆಯುವುದರೊಳಗೆ ಇಲ್ಲಿ ಹುಲ್ಲು ಚಿಗುರುತ್ತದೆ. ದೋಷ ಮೂರಿವೆ.

ಮೊದಲನೆಯದು, ನೀರು ಹಿಡಿಯುವ ಶಕ್ತಿ ಕಡಿಮೆ. ಇಂಥ ಮಣ್ಣು ಒಂದಡಿ ಆಳಕ್ಕೆ ಸುಮಾರು ಒಂದು ಅಂಗುಲ, ಅಂದರೆ 25 ಮಿ.ಮೀ.ನಷ್ಟು ನೀರನ್ನು ಮಾತ್ರ ಬೆಳೆಗೆ ಕೂಡಿಡುತ್ತದೆ. ಅರ್ಧದಷ್ಟು ಗರಸಿದ್ದರೆ ಅದರಲ್ಲೂ ಅರ್ಧ. ಬಲಿತ ಬೆಳೆ ಬಿಸಿಲಿನಲ್ಲಿ ದಿನಕ್ಕೆ 4ರಿಂದ 5 ಮಿ.ಮೀ. ನೀರು ಕುಡಿಯುತ್ತದೆ. ಒಂದಡಿ ಮಣ್ಣಿನ ಉಗ್ರಾಣ ಐದಾರು ದಿನಕ್ಕೆ ಬರಿದು! ಮಳೆ ಮೂರು ವಾರ ಕೈಕೊಟ್ಟರೆ ಶೇಂಗಾ ಬಾಡುತ್ತದೆ. ಹುಲ್ಲಾದರೋ ಮೇಲೆ ಒಣಗಿದರೂ ಬುಡದಲ್ಲಿ ಜೀವ ಹಿಡಿದು ಮುಂದಿನ ಮಳೆಗೆ ಏಳುತ್ತದೆ.

ಎರಡನೆಯದು, ಸಾರ ಹಿಡಿಯುವ ಶಕ್ತಿ ಕಡಿಮೆ. ಗೊಬ್ಬರದ ಸತ್ವವನ್ನು ಹಿಡಿದಿಡುವುದು ಜೇಡಿ ಮತ್ತು ಸಾವಯವ ಪದಾರ್ಥ, ಮರಳಲ್ಲ. ಸಾವಯವ ಇಂಗಾಲ ನೂರಕ್ಕೆ ಅರ್ಧ ಭಾಗಕ್ಕಿಂತ ಕಡಿಮೆಯಿದ್ದರೆ ಅದನ್ನು ‘ಕಡಿಮೆ’ ಎಂದು ಲೆಕ್ಕ ಹಾಕುತ್ತಾರೆ. ಹುಲ್ಲಿನ ಬೇರಿನಿಂದ ಕೂಡಿದ ಅಷ್ಟಿಷ್ಟು ಸಾವಯವವೂ ನೆಲವನ್ನು ಪದೇ ಪದೇ ಉತ್ತಾಗ ಬಿಸಿಲಿಗೆ ಬೇಗ ಸವೆದುಹೋಗುತ್ತದೆ.

ಮೂರನೆಯದು, ಹಕ್ಕಳೆ ಕಟ್ಟುವುದು. ಬರಿ ನೆಲಕ್ಕೆ ಮಳೆಹನಿ ಬಡಿದಾಗ ನವಿರು ಕಣಗಳು ಎದ್ದು ರಂಧ್ರಗಳನ್ನು ಮುಚ್ಚುತ್ತವೆ. ಒಣಗಿದೊಡನೆ ಮೇಲ್ಮೈ ಹಂಚಿನಂತೆ ಬಿಗಿಯುತ್ತದೆ. ಆಮೇಲೆ ಮೊಳಕೆ ಮೇಲೇಳದು, ನೀರು ಒಳಗಿಳಿಯದು. ಹರಿದ ನೀರು ಮಣ್ಣನ್ನೂ ಒಯ್ಯುತ್ತದೆ. ಒಂದು ಎಕರೆಯಿಂದ ಒಂದೇ ಮಿ.ಮೀ. ದಪ್ಪ ಮಣ್ಣು ಹೋದರೆ ಅದರ ತೂಕ ಸುಮಾರು 6 ಟನ್. ಟನ್ ಹೊರುವ ಗಾಡಿಯಲ್ಲಿ ಆರು ಗಾಡಿ. ಅಷ್ಟು ಹೋದದ್ದು ನಮ್ಮ ಕಣ್ಣಿಗೂ ಬೀಳುವುದಿಲ್ಲ. ಒಂದು ಅಂಗುಲ ಮಣ್ಣು ಮತ್ತೆ ಹುಟ್ಟಲು ನೂರಾರು ವರ್ಷ ಬೇಕು.

ನೀವೇ ಮಾಡಬಹುದಾದ ಪರೀಕ್ಷೆ

ಗೋಮಾಳದ ದಿಣ್ಣೆಯಲ್ಲೊಂದು, ಇಳಿಜಾರಿನಲ್ಲೊಂದು, ತಗ್ಗಿನಲ್ಲೊಂದು ಗುಂಡಿ ತೋಡಿ. ಮೂರಡಿ ಅಗೆಯಲು ಯತ್ನಿಸಿ. ಬಂಡೆ ಎಷ್ಟು ಆಳಕ್ಕೆ ಸಿಕ್ಕಿತೆಂದು ಅಳೆಯಿರಿ. 25 ಸೆಂ.ಮೀ.ಗಿಂತ ಕಡಿಮೆಯಾದರೆ ಅತಿ ತೆಳು ಮಣ್ಣು, 25ರಿಂದ 50 ಆದರೆ ತೆಳು ಮಣ್ಣು, 100 ದಾಟಿದರೆ ಆಳದ ಮಣ್ಣು.

ಬಳಿಕ ಗಾಜಿನ ಸೀಸೆಯೊಂದರಲ್ಲಿ ಮೂರನೆಯ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಸೋಪಿನ ಪುಡಿ ಬೆರೆಸಿ, ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ತಳಕ್ಕಿಳಿಯುವುದು ಮರಳು. ಒಂದೆರಡು ಗಂಟೆಯಲ್ಲಿ ಇಳಿಯುವುದು ರೇವೆ. ಒಂದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುವುದು ಜೇಡಿ. ಪಟ್ಟಿ ಹಿಡಿದು ಅಳೆಯಿರಿ. ನೂರಕ್ಕೆ ಮರಳು 75, ರೇವೆ 10, ಜೇಡಿ 15 ಬಂದರೆ ಅದು ಮರಳುಗೋಡು. ಮೇಲಿನ ಮಣ್ಣನ್ನೂ ಕೆಳಗಿನ ಮಣ್ಣನ್ನೂ ಬೇರೆ ಬೇರೆ ಸೀಸೆಯಲ್ಲಿ ನೋಡಿದರೆ ಜೇಡಿ ಪದರದ ಗುಟ್ಟೂ ಬಯಲಾಗುತ್ತದೆ.

ಹಾಗಾದರೆ ಉಳಬಹುದೇ?

ನೆಲದ ಯೋಗ್ಯತೆಯನ್ನು 8 ವರ್ಗವಾಗಿ ವಿಂಗಡಿಸುತ್ತಾರೆ. ಮೊದಲ ನಾಲ್ಕು ಸಾಗುವಳಿಗೆ. ಐದರಿಂದ ಮೇಲಿನವು ಹುಲ್ಲಿಗೆ, ಮರಕ್ಕೆ, ಕಾಡಿಗೆ. ತೆಳು ಮಣ್ಣು, ಗರಸು, ಇಳಿಜಾರು ಈ ಮೂರೂ ಕೂಡಿದ ಗೋಮಾಳ ನೇಗಿಲಿಗೆ ಹೇಳಿಸಿದ್ದಲ್ಲ. ಮೊದಲ ಒಂದೆರಡು ವರ್ಷ ಹುಲ್ಲು ಕೂಡಿಟ್ಟ ಸಾರದಿಂದ ಬೆಳೆ ಬಂದೀತು. ಆಮೇಲೆ ಬೀಜದ ಖರ್ಚೂ ಹುಟ್ಟದೆ ನೆಲ ಬೀಳು ಬಿದ್ದರೆ ಅತ್ತ ಶೇಂಗಾ ಇಲ್ಲ, ಇತ್ತ ಮೇವೂ ಇಲ್ಲ. ಆಗ ಕಷ್ಟ ಬೀಳುವುದು ಹೊಲವಿಲ್ಲದೆ ಎರಡು ಕುರಿ, ಒಂದು ಹಸು ಕಟ್ಟಿಕೊಂಡ ಮನೆಗೆ. ನೂರು ರಾಸಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳವಿರಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುವುದೂ ಸುಮ್ಮನಲ್ಲ.

ಉಳುವುದಿಲ್ಲವೆಂದ ಮಾತ್ರಕ್ಕೆ ನೆಲವನ್ನು ಹಾಗೆಯೇ ಬಿಡಬೇಕಿಲ್ಲ. ಗೋಮಾಳವನ್ನು ಮೂರು ನಾಲ್ಕು ಭಾಗ ಮಾಡಿ, ಸರದಿಯಂತೆ ಒಂದು ಭಾಗಕ್ಕೆ ಮಳೆಗಾಲವಿಡೀ ದನ ಬಿಡದೆ ಹುಲ್ಲು ಬೀಜ ಉದುರಿಸಲು ಅವಕಾಶ ಕೊಡಿ. ಹಕ್ಕಳೆ ಕಟ್ಟಿದ ಕಡೆ ಇಳಿಜಾರಿಗೆ ಅಡ್ಡಲಾಗಿ ನೆಲವನ್ನು ಮೇಲೆ ಮೇಲೆ ಗೀರಿ, ಅಂಜನ್ ಹುಲ್ಲು ಮತ್ತು ಸ್ಟೈಲೋ ಬೀಜ ಚೆಲ್ಲಿ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಮರಳಿನೊಡನೆ ಉಜ್ಜಿ ಬಿತ್ತಿದರೆ ಚೆನ್ನಾಗಿ ಮೊಳೆಯುತ್ತದೆ. ಬಂದರಿಕೆ, ಕಾರೆ ಪೊದೆಗಳನ್ನು ಬುಡಸಹಿತ ಕೀಳಬೇಡಿ. ಹರಿವ ಮಣ್ಣನ್ನು ತಡೆಯುವ ಕಾವಲುಗಾರರು ಅವೇ.

ಎಲ್ಲ ಗೋಮಾಳವೂ ಒಂದೇ ತೆರನಲ್ಲ. ತಗ್ಗಿನಲ್ಲಿ ಆಳದ ಮಣ್ಣು ಸಿಕ್ಕೀತು. ಅಲ್ಲಿ ಮೇವಿನ ಮರ ಬೆಳೆಸಬಹುದು. ನಿಮ್ಮ ಗುಂಡಿಗಳ ಮಣ್ಣನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆಗೆ ಕಳುಹಿಸಿ. ಚಿತ್ರದುರ್ಗ ಜಿಲ್ಲೆಯವರಿಗೆ ಹಿರಿಯೂರಿನ ಬಬ್ಬೂರು ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರವೂ ಇದೆ.

ಈ ವಾರ ಬಿಡುವಾದಾಗ ಊರಿನ ನಾಲ್ಕು ಜನ ಕೂಡಿ ಗುದ್ದಲಿ ಹಿಡಿದು ಗೋಮಾಳಕ್ಕೆ ಹೋಗಿ ಬನ್ನಿ. ಗುಂಡಿಯಲ್ಲಿ ಕಂಡದ್ದನ್ನು ಕಣ್ಣಾರೆ ನೋಡಿದ ಮೇಲೆ ಪಂಚಾಯಿತಿ ಕಟ್ಟೆಯಲ್ಲಿ ಕುಳಿತು ಮಾತನಾಡಿದರೆ ತೀರ್ಮಾನ ತಪ್ಪಲಾರದು.