ಕರಗಿದ ಕಲ್ಲು ಗಟ್ಟಿಯಾದ ಬಗೆ

ಬೀಸುವ ಕಲ್ಲು, ಒರಳು, ಹೊಸ್ತಿಲು, ಗುಡಿಯ ಮೆಟ್ಟಿಲು, ಇವೆಲ್ಲವೂ ಕಲ್ಲಿನವೇ. ಆದರೂ ಕಲ್ಲಿನಲ್ಲಿ ತಿಳಿಯುವಂಥದೇನಿದೆ ಎಂದು ಕೇಳುವವರೇ ನಮ್ಮಲ್ಲಿ ಹೆಚ್ಚು. ಭೂಮಿಯ ಒಡಲಿನಲ್ಲಿ ಕರಗಿದ ಶಿಲಾರಸವು ತಣಿದು ಗಟ್ಟಿಯಾದಾಗ ಉಂಟಾಗುವ ಕಲ್ಲಿಗೆ ಅಗ್ನಿಶಿಲೆಯೆಂದು ಹೆಸರು. ಅದು ಎಲ್ಲಿ ತಣಿಯಿತು, ಬೇಗ ತಣಿಯಿತೋ ನಿಧಾನವಾಗಿ ತಣಿಯಿತೋ ಎಂಬುದನ್ನು ಅದರ ಹರಳುಗಳೇ ಹೇಳುತ್ತವೆ. ಈ ವಿಷಯವನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವುದುಂಟು. ಬಿಸಿ ಪಾಕವನ್ನು ಮರದ ಅಚ್ಚಿಗೆ ಹೊಯ್ದರೆ ಅದು ಬೇಗನೆ ಗಟ್ಟಿಯಾಗುತ್ತದೆ. ಮುರಿದು ನೋಡಿದರೆ ಒಳಗೆಲ್ಲ ನುಣುಪಾದ ಸಣ್ಣ ಕಣ. ಕಲ್ಲುಸಕ್ಕರೆಯೂ ಸಕ್ಕರೆಯೇ, ಆದರೆ ಅದರ ಹರಳುಗಳು ದಿನಗಟ್ಟಲೆ ನಿಧಾನವಾಗಿ ಬೆಳೆದಿರುವುದರಿಂದ ದಪ್ಪವಾಗಿರುತ್ತವೆ. ಶಿಲಾರಸದ ಸಂಗತಿಯೂ ಹೆಚ್ಚುಕಡಿಮೆ ಇದೇ. ಕಾವು ಇಳಿದಂತೆ ಅದರಲ್ಲಿನ ದ್ರವ್ಯಗಳು ಕ್ರಮವಾಗಿ ಜೋಡಣೆಗೊಂಡು ಹರಳುಗಳಾಗುತ್ತವೆ. ಸಮಯ ಸಿಕ್ಕರೆ ಹರಳು ದೊಡ್ಡದು, ಸಿಗದಿದ್ದರೆ ಚಿಕ್ಕದು, ಸ್ವಲ್ಪವೂ ಸಿಗದಿದ್ದರೆ ಹರಳೇ ಇಲ್ಲದ ಗಾಜು.

ಇದನ್ನು ಪ್ರಯೋಗದಿಂದ ತೋರಿಸಿದವನು ಎಡಿನ್‌ಬರೋದ ಸರ್ ಜೇಮ್ಸ್ ಹಾಲ್. ಕಪ್ಪು ಬಸಾಲ್ಟು ಕಲ್ಲು ಸಮುದ್ರದ ನೀರಿನಿಂದ ಇಳಿದುಬಂದುದೆಂದು ಜರ್ಮನಿಯ ವೆರ್ನರನ ಪಂಥದವರು ವಾದಿಸುತ್ತಿದ್ದರು. ಬೆಂಕಿಯಿಂದ ಬಂದುದೆಂದು ಹಟ್ಟನ್ ಹೇಳುತ್ತಿದ್ದನು. ಕರಗಿದ ಕಲ್ಲು ತಣಿದರೆ ಗಾಜಾಗಬೇಕಲ್ಲದೆ ಕಲ್ಲು ಹೇಗಾದೀತು ಎಂಬುದು ಹಟ್ಟನನ ಎದುರಾಳಿಗಳ ಆಕ್ಷೇಪಣೆ. ಹಾಲನು ಅಂಥ ಕಲ್ಲನ್ನು ಕುಲುಮೆಯಲ್ಲಿ ಕರಗಿಸಿದನು. ಬೇಗ ತಣಿಸಿದಾಗ ಅದು ಕರಿಯ ಗಾಜಾಯಿತು. ಅದನ್ನೇ ಮತ್ತೆ ಕಾಯಿಸಿ ಮೆಲ್ಲನೆ ತಣಿಸಿದಾಗ ಹರಳುಗಳುಳ್ಳ ಕಲ್ಲಾಯಿತು. ಈ ಫಲಿತಾಂಶವು 1798ರಲ್ಲಿ ಪ್ರಕಟವಾಯಿತು. ಹಟ್ಟನ್ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದನು.

ನಾನು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವನು. ನಮ್ಮ ಸೀಮೆಯ ಕಲ್ಲು ಬಹುಮಟ್ಟಿಗೆ ಧಾರವಾಡ ಶಿಲಾವರ್ಗಕ್ಕೆ ಸೇರಿದುದು. ಎಂದರೆ, ಪುರಾತನ ಕೆಸರು, ಮರಳು, ಲಾವಾ ಇವು ಕಾವು ಒತ್ತಡಗಳಿಗೆ ಸಿಕ್ಕಿ ಮಾರ್ಪಟ್ಟವುಗಳು. ಆದುದರಿಂದ ಶಿಲಾರಸ ತಣಿದ ಗುರುತುಗಳನ್ನು ಸ್ಪಷ್ಟವಾಗಿ ನೋಡಬೇಕಾದರೆ ನಾವು ಕರ್ನಾಟಕದ ನಾಲ್ಕು ಸ್ಥಳಗಳಿಗೆ ಹೋಗಬೇಕು.

ಮೊದಲನೆಯದು ರಾಮನಗರದ ಬೆಟ್ಟಗಳು. ಆ ಊರಿನ ಹಳೆಯ ಹೆಸರಿನಿಂದಲೇ ಅಲ್ಲಿನ ಗ್ರಾನೈಟಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಶಿಲಾರಸವು ನೆಲದಿಂದ ಹಲವು ಕಿಲೋಮೀಟರ್ ಆಳದಲ್ಲೇ ನಿಂತು ಬಹು ದೀರ್ಘಕಾಲ ತಣಿಯಿತು. ಮೇಲಿನ ಶಿಲೆಯೇ ಅದಕ್ಕೆ ಕಂಬಳಿಯಾಗಿತ್ತು. ಅಂತೆಯೇ ಅದರ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಮೇಲಿನ ಹೊದಿಕೆ ಮಳೆ ಗಾಳಿಗಳಿಗೆ ಸವೆದುಹೋದ ಮೇಲೆ ಆ ಕಲ್ಲು ಹೊರಬಿದ್ದಿತು.

ಎರಡನೆಯದು ಉತ್ತರದ ವಿಜಾಪುರ, ಬೆಳಗಾವಿಗಳ ಕಪ್ಪು ಬಸಾಲ್ಟು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಸುಮಾರು 1100 ಡಿಗ್ರಿ ಸೆಂಟಿಗ್ರೇಡ್ ಕಾವಿನ ಲಾವಾ ಹೊರಬಂದು, ಪದರದ ಮೇಲೆ ಪದರವಾಗಿ ದಖನ್ನಿನ ಮೇಲೆ ಹರಡಿತು. ಬಯಲಿನಲ್ಲಿ ಬೇಗ ತಣಿದುದರಿಂದ ಅದರ ಹರಳುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಅನಿಲವು ಗುಳ್ಳೆಗಟ್ಟಿ ಉಳಿದ ತೂತುಗಳೂ ಎಷ್ಟೋ ಕಡೆ ಕಾಣುತ್ತವೆ. ಗೋಲಗುಮ್ಮಟವನ್ನು ಕಟ್ಟಿರುವುದು ಈ ಕಲ್ಲಿನಿಂದಲೇ.

ಮೂರನೆಯದು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿ. ಅಲ್ಲಿ ಲಾವಾ ನೀರಿನೊಳಗೆ ಹೊರಬಂದಿತು. ನೀರು ತಗುಲಿದೊಡನೆ ಮೇಲ್ಮೈ ಗಾಜಿನಂತೆ ಹೆಪ್ಪುಗಟ್ಟಿತು. ಒಳಗಿನ ರಸ ಉಬ್ಬಿ ತಲೆದಿಂಬಿನಂಥ ಆಕಾರ ತಾಳಿತು. ಒಂದರ ಮೇಲೊಂದು ದಿಂಬು ಒಟ್ಟಿದ ಹಾಗೆ ಕಾಣುವ ಈ ಶಿಲೆ 250 ಕೋಟಿ ವರ್ಷಗಳಿಗೂ ಹಳೆಯದು. ಇದೂ ಧಾರವಾಡ ಶಿಲಾವರ್ಗದ್ದೇ. ಕಲ್ಲಿನ ಗುಣ ಅನಂತರ ಮಾರ್ಪಟ್ಟರೂ ಆಕಾರ ಅಳಿದಿಲ್ಲ. ಈಗ ಒಣನೆಲವಾಗಿರುವ ಆ ಜಾಗದಲ್ಲಿ ಒಂದು ಕಾಲಕ್ಕೆ ನೀರು ನಿಂತಿತ್ತೆಂಬುದಕ್ಕೆ ಈ ದಿಂಬುಗಳೇ ಸಾಕ್ಷಿ.

ನಾಲ್ಕನೆಯದು ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪ. ಲಾವಾ ತಣಿದಾಗ ಕುಗ್ಗುತ್ತದೆ. ಕೆರೆಯ ಕೆಸರು ಒಣಗಿ ಬಿರಿಯುವಂತೆ ಅದೂ ಬಿರಿಯುತ್ತದೆ. ಬಿರುಕುಗಳು ಕೆಳಕ್ಕೆ ಇಳಿಯುತ್ತ ಹೋಗಿ ಐದು, ಆರು ಮುಖಗಳ ಕಂಬಗಳಾಗುತ್ತವೆ. ಯಾರೋ ಕೆತ್ತಿ ನಿಲ್ಲಿಸಿದಂತೆ ತೋರಿದರೂ ಅದು ಕೇವಲ ತಣಿವಿನ ಕೆಲಸ.

ಇಲ್ಲೊಂದು ಎಚ್ಚರಿಕೆ ಅವಶ್ಯ. ಕಲ್ಲಿನ ಬಣ್ಣ ನೋಡಿ ತಣಿದ ವೇಗವನ್ನು ಹೇಳಲಾಗದು. ಬಣ್ಣವು ಅದರಲ್ಲಿರುವ ದ್ರವ್ಯಗಳಿಗೆ ಸಂಬಂಧಿಸಿದುದು. ವೇಗವನ್ನು ಹೇಳುವುದು ಹರಳಿನ ಗಾತ್ರ.

ಮರಡಿಹಳ್ಳಿಯ ದಿಂಬುಗಳನ್ನೂ ಮಲ್ಪೆಯ ಕಂಬಗಳನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಸಾರಿದೆ. ಆದರೆ ಹೆಸರಿಲ್ಲದ ಗುಡ್ಡಗಳು ದಿನವೂ ಒಡೆದು ಜಲ್ಲಿಯಾಗುತ್ತಿವೆ. ರಸ್ತೆಗೆ, ಮನೆಗೆ ಜಲ್ಲಿ ಬೇಕು, ನಿಜ. ಶಾಸನದ ಕಲ್ಲನ್ನು ಪಾಯಕ್ಕೆ ಹಾಕಬಾರದೆಂಬ ತಿಳಿವಳಿಕೆ ನಮ್ಮ ಹಳ್ಳಿಗಳಲ್ಲಿ ಈಗ ಬಂದಿದೆ. ಅಕ್ಷರವಿಲ್ಲದ ಕಲ್ಲಿಗೂ ಚರಿತ್ರೆಯುಂಟೆಂಬ ತಿಳಿವಳಿಕೆ ಇನ್ನೂ ಬರಬೇಕಾಗಿದೆ. ಅದು ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದ ಕೆಲಸವಲ್ಲ. ಚರಿತ್ರೆ, ಸಾಹಿತ್ಯಗಳನ್ನು ಓದುವ ನಾವೂ ರಜೆಗೆ ಊರಿಗೆ ಹೋದಾಗ ನಮ್ಮ ಗುಡ್ಡದ ಕಲ್ಲೊಂದನ್ನು ಕೈಗೆತ್ತಿಕೊಂಡು ಅದರ ಒಡೆದ ಮೈಯನ್ನು ಬಿಸಿಲಿಗೆ ಹಿಡಿದು ನೋಡಬಹುದು.