ನಿಮಗಿದು ಗೊತ್ತೇ? ಆಪರೇಷನ್ನಿಗೆ ಮುಂಚಿನ ಲೆಕ್ಕಾಚಾರ

ಹೃದಯದ ಆಪರೇಷನ್ನಿನಲ್ಲಿ ರಕ್ತಸ್ರಾವ ತಗ್ಗಿಸಲು ಅಪ್ರೊಟಿನಿನ್ ಎಂಬ ಔಷಧಿ ಕೊಡುತ್ತಿದ್ದರು. ಅದರಿಂದ ಪ್ರಯೋಜನವಿದೆಯೇ ಎಂದು ತಿಳಿಯಲು 1987ರಿಂದ 2002ರವರೆಗೆ 64 ಪ್ರಯೋಗಗಳು ನಡೆದವು. 2005ರಲ್ಲಿ ಕೆನಡಾದ ಸಂಶೋಧಕರು ಅವನ್ನೆಲ್ಲ ಕಾಲಾನುಕ್ರಮದಲ್ಲಿ ಒಂದೊಂದಾಗಿ ಕೂಡಿಸುತ್ತ ಹೋದರು. 12ನೇ ಪ್ರಯೋಗದ ಹೊತ್ತಿಗೆ, ಅಂದರೆ 1992ರ ಜೂನ್‌ನಲ್ಲೇ, ಪ್ರಯೋಜನವಿದೆ ಎಂಬ ಉತ್ತರ ಖಚಿತವಾಗಿತ್ತು! ಆದರೂ ಇನ್ನೂ 52 ಪ್ರಯೋಗಗಳು ನಡೆದವು. ಪ್ರತಿಯೊಂದರಲ್ಲೂ ಒಂದಷ್ಟು ರೋಗಿಗಳಿಗೆ ಆ ಔಷಧಿ ಸಿಗಲಿಲ್ಲ. ಹೊಸ ವರದಿಗಳು ಹಿಂದಿನ ಪ್ರಯೋಗಗಳ ಪೈಕಿ ಸಾಮಾನ್ಯವಾಗಿ ಐದರಲ್ಲಿ ಒಂದನ್ನಷ್ಟೇ ಉಲ್ಲೇಖಿಸಿದ್ದವು. ಇದು ನಿಜಕ್ಕೂ ನೋವಿನ ಸಂಗತಿ. ಸಾವಿನ ಅಪಾಯದ ಪ್ರಶ್ನೆಗೆ ಮಾತ್ರ ಆ ಸಣ್ಣ ಪ್ರಯೋಗಗಳು ಸಾಲಲಿಲ್ಲ. ದೊಡ್ಡದೊಂದು ಪ್ರಯೋಗ ಆತಂಕ ಹುಟ್ಟಿಸಿದ ಮೇಲೆ, 2007ರಲ್ಲಿ ತಯಾರಕರು ಮಾರಾಟವನ್ನೇ ನಿಲ್ಲಿಸಿದರು.

ಕೆನಡಾದವರು ಮಾಡಿದಂತೆ ಹಳೆಯದನ್ನೆಲ್ಲ ಹುಡುಕಿ, ತೂಗಿ, ಕೂಡಿಸಿ ನೋಡುವುದೇ ಸಿಸ್ಟಮ್ಯಾಟಿಕ್ ರಿವ್ಯೂ. 1904ರಷ್ಟು ಹಿಂದೆಯೇ ಕಾರ್ಲ್ ಪಿಯರ್ಸನ್ ಭಾರತ ಮತ್ತು ದಕ್ಷಿಣ ಆಫ್ರಿಕಾದಲ್ಲಿದ್ದ ಬ್ರಿಟಿಷ್ ಸೈನಿಕರ ಟೈಫಾಯಿಡ್ ಲಸಿಕೆಯ ಅಂಕಿಅಂಶಗಳನ್ನು ಕಲೆಹಾಕಿದ್ದರು.

ರಿವ್ಯೂ ಶುರುವಾಗುವ ಮೊದಲೇ ಪ್ರಶ್ನೆ ಯಾವುದು, ಯಾವ ಫಲಿತಾಂಶ ಅಳೆಯುತ್ತೇವೆ ಎಂದು ನೋಂದಾಯಿಸಬೇಕು. ಅದಕ್ಕೆಂದೇ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ 2011ರಿಂದ ‘ಪ್ರಾಸ್ಪೆರೊ’ ಎಂಬ ನೋಂದಣಿ ವ್ಯವಸ್ಥೆ ಇದೆ. ಉತ್ತರ ಕಂಡ ಮೇಲೆ ಪ್ರಶ್ನೆ ತಿದ್ದಿದರೆ ಸಿಕ್ಕಿಬೀಳುತ್ತಾರೆ.

ವರದಿ ಬರೆಯಲು ‘ಪ್ರಿಸ್ಮಾ’ ಎಂಬ 27 ಅಂಶಗಳ ಪಟ್ಟಿಯಿದೆ. 2009ರಲ್ಲಿ ಬಂತು, 2021ರಲ್ಲಿ ಪರಿಷ್ಕೃತ ರೂಪ ಪ್ರಕಟವಾಯಿತು. ಹುಡುಕಿದಾಗ ಎಷ್ಟು ಲೇಖನ ಸಿಕ್ಕವು, ಎಷ್ಟನ್ನು ಯಾಕೆ ಕೈಬಿಟ್ಟೆವು, ಕೊನೆಗೆ ಉಳಿದದ್ದೆಷ್ಟು ಎಂಬುದನ್ನು ಚೌಕಗಳು, ಬಾಣಗಳ ಚಿತ್ರದಲ್ಲಿ ತೋರಿಸಬೇಕು. ಪ್ರಿಸ್ಮಾ ಪಾಲಿಸಿದ ಮಾತ್ರಕ್ಕೆ ರಿವ್ಯೂ ಒಳ್ಳೆಯದೆಂದು ನಂಬಬೇಡಿ! ಅದು ಬರವಣಿಗೆಯ ಶಿಸ್ತು ಅಷ್ಟೆ. ಕೆಲಸದ ಗುಣಮಟ್ಟ ಅಳೆಯಲು 16 ಪ್ರಶ್ನೆಗಳ ‘ಆಮ್‌ಸ್ಟಾರ್ 2’ ಬೇರೆಯೇ ಇದೆ.

ಶಸ್ತ್ರಚಿಕಿತ್ಸೆಯ ರಿವ್ಯೂಗೆ ಇನ್ನೊಂದು ತೊಡಕು. ಮಾತ್ರೆ ಯಾರು ಕೊಟ್ಟರೂ ಒಂದೇ, ಆಪರೇಷನ್ ಹಾಗಲ್ಲ. ಮಾಡಿದವರ ಕೈ ಪಳಗಿತ್ತೇ ಎಂದೂ ನೋಡಬೇಕು. ಏನು ಮಾಡುತ್ತಿದ್ದೇನೆಂದು ಸರ್ಜನ್‌ಗೆ ಗೊತ್ತಿರಲೇಬೇಕು, ಆದರೆ ರೋಗಿಗೆ ಗೊತ್ತಾಗದಂತೆ ಮಾಡಬಹುದು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಂಡಿ ಸವೆತದ 180 ರೋಗಿಗಳು ಇಂಥ ಪ್ರಯೋಗಕ್ಕೆ ಸೇರಿದರು. ತಮಗೆ ಬರೀ ತೋರಿಕೆಯ ಆಪರೇಷನ್ ಆಗಬಹುದು ಎಂಬುದು ತಿಳಿದಿದೆ ಎಂದು ಅವರೇ ಕೈಯಾರೆ ಬರೆದುಕೊಟ್ಟಿದ್ದರು. ಕೆಲವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿಗೆ ಹಾಕಲಾಯಿತು. ಎಲ್ಲ ಆಪರೇಷನ್‌ಗಳನ್ನೂ ಮಾಡಿದ್ದು ಒಬ್ಬರೇ ಸರ್ಜನ್. ಎರಡು ವರ್ಷದ ನಂತರವೂ ನಿಜವಾದ ಆಪರೇಷನ್ ಆದವರಿಗೂ ತೋರಿಕೆಯದು ಆದವರಿಗೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು 2002ರಲ್ಲಿ ಪ್ರಕಟವಾಯಿತು.

ಆಪರೇಷನ್ನಿಗೆ ಮುಂಚೆ ಆ ಜಾಗದ ಕೂದಲನ್ನು ರೇಜರ್‌ನಿಂದ ಬೋಳಿಸುವುದು ಹಳೆಯ ರೂಢಿ. ಸಿಸ್ಟಮ್ಯಾಟಿಕ್ ರಿವ್ಯೂಗಳನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಅದು ಬೇಡವೆಂದಿತು: ಕೂದಲು ತೆಗೆಯಲೇಬೇಡಿ, ತೀರಾ ಅಗತ್ಯವಿದ್ದರೆ ಕ್ಲಿಪ್ಪರ್ ಬಳಸಿ. ನಿಮ್ಮವರನ್ನು ಆಪರೇಷನ್ನಿಗೆ ಸೇರಿಸುವಾಗ ಇದನ್ನು ಧೈರ್ಯವಾಗಿ ಕೇಳಿ.