ಬರೆಯದೆ ಉಳಿದ ಹಕ್ಕು ಯಾರದು?

ವಿಡಿಯೊ ಗೇಮ್ ಕಟ್ಟಿದವರಿಗೂ ಅದನ್ನು ಮಾರುವವರಿಗೂ ನಡೆದ ವ್ಯಾಜ್ಯಗಳಲ್ಲಿ ಟೆಟ್ರಿಸ್‌ನ ಕಥೆಯಷ್ಟು ಪಾಠ ಕಲಿಸುವುದು ಇನ್ನೊಂದಿಲ್ಲ. ಅಲೆಕ್ಸಿ ಪಜಿತ್ನೋವ್ 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಈ ಆಟ ರಚಿಸಿದರು. ಲಂಡನ್ನಿನ ದಲ್ಲಾಳಿ ರಾಬರ್ಟ್ ಸ್ಟೈನ್ ಕರಾರಿಗೆ ಸಹಿ ಬೀಳುವ ಮೊದಲೇ ಅದರ ಹಕ್ಕನ್ನು ಗೇಮ್ ಕಂಪನಿ ಮಿರರ್‌ಸಾಫ್ಟ್‌ಗೆ ಮಾರಿಬಿಟ್ಟಿದ್ದರು. ಅಲ್ಲಿಂದ ಅದು ಅಟಾರಿ ಗೇಮ್ಸ್‌ಗೆ ದಾಟಿತು. 1989ರ ಫೆಬ್ರುವರಿಯಲ್ಲಿ ಗೇಮ್ ಪ್ರಕಾಶಕ ಹೆಂಕ್ ರೋಜರ್ಸ್ ಕರೆಯದೆಯೇ ಮಾಸ್ಕೋಗೆ ಹೋಗಿ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಯಂತ್ರಕ್ಕೆ ಹಕ್ಕು ಕೇಳಿದರು. ಜಪಾನಿನಲ್ಲಿ ಮಾರಾಟವಾಗುತ್ತಿದ್ದ ಟೆಟ್ರಿಸ್ ಕನ್ಸೋಲ್ ಕಾರ್ಟ್ರಿಜ್ ಒಂದನ್ನು ಅವರು ಮೇಜಿನ ಮೇಲಿಟ್ಟಾಗ ಸರ್ಕಾರಿ ಸಂಸ್ಥೆ ಎಲೋರ್ಗ್‌ನ ಅಧಿಕಾರಿ ನಿಕೊಲಾಯ್ ಬೆಲಿಕೊವ್ ಬೆರಗಾದರು: ಕನ್ಸೋಲ್ ಹಕ್ಕನ್ನು ತಾವು ಯಾರಿಗೂ ಕೊಟ್ಟೇ ಇರಲಿಲ್ಲ. ಬೆಲಿಕೊವ್ ಸ್ಟೈನ್‌ರ ಕರಾರಿಗೆ ತಿದ್ದುಪಡಿ ತಂದರು. ಕಂಪ್ಯೂಟರ್ ಎಂದರೆ ಪ್ರೊಸೆಸರ್, ಮಾನಿಟರ್, ಡಿಸ್ಕ್ ಡ್ರೈವ್, ಕೀಬೋರ್ಡ್, ಆಪರೇಟಿಂಗ್ ಸಿಸ್ಟಂ ಇರುವ ಯಂತ್ರ ಎಂದು ಅದರಲ್ಲಿ ಸೇರಿಸಿದರು. ತಡವಾದ ಪಾವತಿಯ ದಂಡದ ಮೇಲೆಯೇ ಕಣ್ಣಿಟ್ಟಿದ್ದ ಸ್ಟೈನ್ ಸಹಿ ಹಾಕಿದರು. ಕನ್ಸೋಲ್ ಹಕ್ಕು ನಿಂಟೆಂಡೊ ಪಾಲಾಯಿತು. ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯದ ತಡೆಯಾಜ್ಞೆ ಬಂದು ಅಟಾರಿಯ ಟೆಟ್ರಿಸ್ ಅಂಗಡಿಗಳಿಂದ ಮರೆಯಾಯಿತು.

ಬರೆದುಕೊಟ್ಟಷ್ಟೇ ಕೊಂಡವನದು, ಬರೆಯದೆ ಉಳಿದದ್ದು ಕೊಟ್ಟವನದು. ನನ್ನ ವಾದವೂ ಇಷ್ಟೇ. ಆದರೆ ಮಾಸ್ಕೋದಲ್ಲಿ ಕೊಟ್ಟದ್ದು ಸರ್ಕಾರ, ಕಟ್ಟಿದ ಪಜಿತ್ನೋವ್ ಅಲ್ಲ. ಜಗತ್ತೆಲ್ಲ ಆಡಿದ ಆ ಆಟದ ರಾಯಧನ ಅವರ ಕೈ ಸೇರಿದ್ದು 1996ರಲ್ಲಿ, ರೋಜರ್ಸ್ ಜತೆಗೂಡಿ ಕಂಪನಿ ಕಟ್ಟಿದ ಮೇಲೆ. ಈ ಅನ್ಯಾಯವನ್ನು ಮರೆತು ಬೆಲಿಕೊವ್‌ರ ಚಾಣಾಕ್ಷತೆಯನ್ನಷ್ಟೇ ಹೊಗಳುವುದು ಸರಿಯಲ್ಲ. ಮೂಲ ಹಕ್ಕು ಕಟ್ಟಿದವರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲೇ ಉತ್ತರವಿದೆ. ಅದು ಗೇಮ್ ಅಲ್ಲ, ಯಕ್ಷಗಾನ. ಜಗಳ ಮಾತ್ರ ಅದೇ. ಶಿವರಾಮ ಕಾರಂತರು ಹೊಸದಾಗಿ ರೂಪಿಸಿದ ಯಕ್ಷಗಾನ ಬ್ಯಾಲೆಗಳ ಹಕ್ಕು ತಮ್ಮದೆಂದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ವಾದಿಸಿತು: ಕಾರಂತರನ್ನು ನಿರ್ದೇಶಕರಾಗಿ ನೇಮಿಸಿದ್ದು, ಹಣ ಒದಗಿಸಿದ್ದು ನಾವೇ ಎಂದು. ಕಾರಂತರ ಉಯಿಲಿನಂತೆ ಹಕ್ಕು ತಮ್ಮದೆಂದು ಅವರ ಸಹಾಯಕಿಯಾಗಿದ್ದ ಮಾಲಿನಿ ಮಲ್ಯ ಹೇಳಿದರು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಲ್ಯರ ಪರ ನಿಂತಿತು. ಬ್ಯಾಲೆ ಸಾಹಿತ್ಯ ಕೃತಿಯಲ್ಲ, ನಾಟಕೀಯ ಕೃತಿ. ಆದರೆ ಉಯಿಲಿನಲ್ಲಿ ಉಳಿದೆಲ್ಲ ಆಸ್ತಿಗೆ ಅನ್ವಯಿಸುವ ಕಲಮಿನಡಿ ಅದೂ ಮಲ್ಯರಿಗೇ ಸೇರುತ್ತದೆ ಎಂದಿತು.

ಹಣ ಹೂಡಿ ನಷ್ಟದ ಭಯ ಹೊತ್ತವರಿಗೆ ಇದು ಅನ್ಯಾಯವಲ್ಲವೇ ಎಂಬ ಪ್ರಶ್ನೆ ಸಹಜ. ಹೂಡಿಕೆಗೆ ಪ್ರತಿಫಲ ಬೇಕು, ನಿಜ. ಅದನ್ನು ಕರಾರಿನಲ್ಲಿ ಮೊದಲೇ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ವೇದಿಕೆ ಒದಗಿಸಿದ ಮಾತ್ರಕ್ಕೆ ಕೃತಿಯೇ ತನ್ನದೆನ್ನುವುದು ಬೇರೆ ಮಾತು. ಹಾಗೆಂದು ಹಕ್ಕು ಕಲೆಗೆ ಬೀಗವೂ ಆಗಬಾರದು. ಹಣ ಪಡೆಯದೆ ನಡೆಸುವ ಪ್ರದರ್ಶನಕ್ಕೆ ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿರುವ ವಿನಾಯಿತಿಯನ್ನು ಅದೇ ತೀರ್ಪು ಅಕಾಡೆಮಿಗೂ ಉಳಿಸಿಕೊಟ್ಟಿತು. ಆ ಕಾಯ್ದೆಯ 2012ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು: ಕರಾರಿನ ಹೊತ್ತಿಗೆ ಬಳಕೆಯಲ್ಲಿರದ ಮಾಧ್ಯಮದ ಹಕ್ಕು, ನಿರ್ದಿಷ್ಟವಾಗಿ ಹೆಸರಿಸದ ಹೊರತು, ಕೊಂಡವರಿಗೆ ಹೋಗುವುದಿಲ್ಲ. ಮಾಸ್ಕೋದಲ್ಲಿ ಒಬ್ಬ ಅಧಿಕಾರಿಯ ಎಚ್ಚರ ಸಾಧಿಸಿದ್ದನ್ನು ಇಲ್ಲಿ ಕಾನೂನೇ ಬಹುಮಟ್ಟಿಗೆ ಸಾಧಿಸಿದೆ.

ಆದರೂ ಗಡಿನಾಡಿನ ಕನ್ನಡಿಗರು ಕಾನೂನನ್ನೇ ನಂಬಿ ಕೂರುವಂತಿಲ್ಲ. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಉಮದಿ, ಸಂಖದಂಥ ಊರುಗಳಲ್ಲಿ ಕನ್ನಡ ಮನೆಮಾತು, ಆಡಳಿತ ಮಹಾರಾಷ್ಟ್ರದ್ದು. ಕನ್ನಡ ಗೇಮ್ ಒಂದರ ಹಂಚಿಕೆ ಕರಾರಿನಲ್ಲಿ ‘ಕರ್ನಾಟಕ’ ಎಂದಷ್ಟೇ ಇದ್ದರೆ ಈ ಊರುಗಳು ಅದರ ಹೊರಗೇ ಉಳಿಯುತ್ತವೆ. ಪ್ರದೇಶವನ್ನೇ ಬರೆಯದಿದ್ದರೆ ಕಾಯ್ದೆಯ 19ನೇ ಕಲಮು ಇಡೀ ಭಾರತವೆಂದು ಭಾವಿಸುತ್ತದೆ. ಅವಧಿ ಬರೆಯದಿದ್ದರೆ 5 ವರ್ಷವೆಂದು. ಯಾವ ಮಾಧ್ಯಮ, ಯಾವ ಪ್ರದೇಶ, ಎಷ್ಟು ಕಾಲ ಎಂಬ ಮೂರನ್ನೂ ಸ್ಪಷ್ಟವಾಗಿ ಹೇಳುವ ಮಾದರಿ ಕರಾರು ಕನ್ನಡದಲ್ಲಿ ಬೇಕು. ಕರ್ನಾಟಕ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರ ಅದನ್ನು ವಕೀಲರಿಂದ ಬರೆಸಿ ಜತ್ತದ ಕನ್ನಡ ಶಾಲೆಗಳಿಗೂ ಸಂಘಗಳಿಗೂ ತಲುಪಿಸಲಿ. ಆಟ ಕಟ್ಟುವ ಹುಡುಗರು ಸಹಿ ಹಾಕುವ ಮುನ್ನ ಅದನ್ನು ಓದಿರಬೇಕು.